ಶೆಲ್‌ಗೆ ಹೇಳಿ ಮಾಡಿಸುವ ಕೆಲಸ: ಅರವತ್ತು ವರ್ಷಗಳ ಚರಿತ್ರೆ



ನಾನು ಕಂಪ್ಯೂಟರ್ ಓದಿದವನಲ್ಲ. ಟಿಸಿಎಚ್ ಮುಗಿಸಿ, ಆಮೇಲೆ ಬಿಎ ಮಾಡಿಕೊಂಡು, ಕಾಸರಗೋಡಿನ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವವನು. ಆದರೂ ಈ ಸಲ ಕಂಪ್ಯೂಟರಿನ ಚರಿತ್ರೆಯ ಒಂದು ತುಂಡನ್ನು ಬರೆಯಲು ಹೊರಟಿದ್ದೇನೆ. ಕಾರಣ, ನಾನೇ ಮಾಡಿಕೊಂಡ ಒಂದು ನಷ್ಟ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮಕ್ಕಳಿಂದ ಒಂದು ವರ್ಷ ಊರಿನ ಚರಿತ್ರೆ ಬರೆಸಿದ್ದೆ. ಮನೆಯ ಹಿರಿಯರನ್ನು ಕೇಳಿ, ಹಳೆಯ ಶಾಲೆ, ಕಟ್ಟ, ದೋಣಿ ಕಡವು, ಅಡಿಕೆ ತೋಟ, ಗಡಿ ಬೇರೆಯಾದ ಕಾಲದ ನೆನಪು, ಹೀಗೆ ಹತ್ತೊಂಬತ್ತು ಬರಹಗಳು ಬಂದವು. ಟೈಪು ಮಾಡಿ ಶಾಲೆಯ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೆವು. ಮೊದಲ ಕರಡುಗಳಿದ್ದ ಫೋಲ್ಡರಿಗೆ 'ಊರು ಹಳೆಯದು' ಎಂದು ಹೆಸರು. ತಿದ್ದಿದ್ದು, ಹೊಸದಾಗಿ ಸೇರಿದ್ದು ಎಲ್ಲ ಇದ್ದ ಫೋಲ್ಡರಿಗೆ ಬರೀ 'ಊರು' ಎಂದು ಹೆಸರು.

ವರ್ಷದ ಕೊನೆಯಲ್ಲಿ ಲ್ಯಾಪ್‌ಟಾಪ್ ತುಂಬಿಹೋಗಿತ್ತು. ಹೆಸರಿನ ಕೊನೆಗೆ 'ಹಳೆಯದು' ಎಂದಿರುವ ಫೋಲ್ಡರುಗಳನ್ನೆಲ್ಲ ಅಳಿಸಲು ಪೈಥನ್‌ನಲ್ಲಿ ಏಳೆಂಟು ಸಾಲು ಬರೆದೆ. ಫೋಲ್ಡರುಗಳನ್ನು ಹುಡುಕುವುದು ಪೈಥನ್; ಅಳಿಸುವುದಕ್ಕೆ ಮಾತ್ರ ಲಿನಕ್ಸಿನ ಆರ್‌ಎಂ ಎಂಬ ಆಜ್ಞೆಯನ್ನು ಪೈಥನ್ ಒಳಗಿಂದಲೇ ಕರೆದಿದ್ದೆ. ಅರ್ಧ ಸೆಕೆಂಡಿನಲ್ಲಿ ಕೆಲಸ ಮುಗಿಯಿತು, ತಪ್ಪಿನ ಸಂದೇಶವೂ ಬರಲಿಲ್ಲ. ತೆರೆದು ನೋಡಿದರೆ 'ಊರು ಹಳೆಯದು' ಹಾಗೆಯೇ ಕುಳಿತಿತ್ತು. 'ಊರು' ಕಾಣೆಯಾಗಿತ್ತು!

ಕರಡಿನ ಫೋಲ್ಡರಿನಲ್ಲಿ ಹದಿನಾಲ್ಕು ಬರಹಗಳು ಸಿಕ್ಕಿದವು. ಉಳಿದ ಐದು ಆಮೇಲೆ ಬಂದವು, ಹಾಗಾಗಿ ಅವು ಹೋದವು. ತಪ್ಪು ನನ್ನದೇ. ಇನ್ನೊಂದು ಪ್ರತಿ ಇಟ್ಟುಕೊಳ್ಳದ್ದು ಮೊದಲ ತಪ್ಪು. ಆದರೆ ನಾನು ಹೇಳಿದ್ದೊಂದು, ಯಂತ್ರ ಮಾಡಿದ್ದೊಂದು ಏಕೆ ಆಯಿತು ಎಂಬ ಪ್ರಶ್ನೆ ಬಿಡಲಿಲ್ಲ. ಹುಡುಕುತ್ತಾ ಹೋದಾಗ ಗೊತ್ತಾಯಿತು, ಈ ಗುಂಡಿಯಲ್ಲಿ ಬಿದ್ದವನು ನಾನೊಬ್ಬನೇ ಅಲ್ಲ. ದೊಡ್ಡ ದೊಡ್ಡವರೇ ಬಿದ್ದಿದ್ದಾರೆ. ಗುಂಡಿಯನ್ನು ತಪ್ಪಿಸುವ ದಾರಿ ಮಾತ್ರ 1971ರಿಂದಲೇ ಇತ್ತು.

ಬಾಳೆ ಎಲೆಯ ಲೆಕ್ಕ

ಚರಿತ್ರೆಗೆ ಮೊದಲು ಒಂದು ಉದಾಹರಣೆ. ಓಣಂ ಊಟಕ್ಕೆಂದು ಒಬ್ಬ ಹುಡುಗನನ್ನು ಅಂಗಡಿಗೆ ಕಳುಹಿಸಿ, "ಬಾಳೆ ಎಲೆ ಬೇಕಂತೆ" ಎಂದು ಬಾಯಿಮಾತಿನಲ್ಲಿ ಹೇಳಿಸಿದಿರಿ ಎಂದಿಟ್ಟುಕೊಳ್ಳಿ. ಅಂಗಡಿಯವರು ಅದನ್ನು "ಬಾಳೆ, ಎಲೆ" ಎಂದು ಎರಡಾಗಿ ಕೇಳಿಸಿಕೊಂಡರೆ ಒಂದು ಗೊನೆ ಬಾಳೆಹಣ್ಣೂ ಒಂದು ಕಟ್ಟು ವೀಳ್ಯದೆಲೆಯೂ ಬರುತ್ತವೆ. ಅದೇ ಚೀಟಿಯಲ್ಲಿ ಒಂದು ಸಾಲಿಗೆ ಒಂದೇ ಸಾಮಾನು ಬರೆದು ಕಳುಹಿಸಿದರೆ ಈ ಗೊಂದಲವಿಲ್ಲ. 'ಬಾಳೆ ಎಲೆ' ಒಂದೇ ಸಾಲಿನಲ್ಲಿದೆ, ಆದ್ದರಿಂದ ಅದು ಒಂದೇ ಸಾಮಾನು.

ಕಂಪ್ಯೂಟರಿನಲ್ಲಿ ಆ ಅಂಗಡಿಯವರ ಜಾಗದಲ್ಲಿ ಇರುವುದು ಶೆಲ್. ನಾವು ಟೈಪು ಮಾಡಿದ ಸಾಲನ್ನು ಓದಿ, ಪದಗಳಾಗಿ ಒಡೆದು, ಯಾವ ಕೆಲಸ ಯಾರಿಗೆ ಎಂದು ನೋಡಿ ಹಂಚುವ ಕಾರ್ಯಕ್ರಮ ಅದು. ಒಡೆಯುವುದು ಎಲ್ಲಿ? ಖಾಲಿ ಜಾಗ ಇರುವಲ್ಲಿ. ನನ್ನ ಪೈಥನ್ 'ಊರು ಹಳೆಯದು' ಎಂಬ ಹೆಸರನ್ನು ಬಾಯಿಮಾತಿನ ಹಾಗೆ ಒಂದೇ ವಾಕ್ಯದಲ್ಲಿ ಶೆಲ್‌ಗೆ ಹೇಳಿತು. ಶೆಲ್ ಅದನ್ನು 'ಊರು' ಮತ್ತು 'ಹಳೆಯದು' ಎಂದು ಎರಡು ಫೋಲ್ಡರುಗಳಾಗಿ ಕೇಳಿಸಿಕೊಂಡಿತು. ಮೊದಲನೆಯದು ಇತ್ತು, ಅಳಿಸಿತು. ಎರಡನೆಯದು ಇರಲೇ ಇಲ್ಲ. ಇಲ್ಲದ್ದನ್ನು ಅಳಿಸು ಎಂದರೂ ದೂರು ಹೇಳಬೇಡ ಎಂಬ ಆಯ್ಕೆಯನ್ನು ಆರ್‌ಎಂ ಜೊತೆಗೆ ನಾನೇ ಕೊಟ್ಟಿದ್ದೆ. ಅದಕ್ಕೇ ಅಷ್ಟು ಮೌನ.

ಶೆಲ್ ಹುಟ್ಟಿದ್ದು

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಇತ್ತು. ಒಂದೇ ದೊಡ್ಡ ಯಂತ್ರವನ್ನು ಹಲವರು ಒಂದೇ ಹೊತ್ತಿಗೆ ಹಂಚಿಕೊಂಡು ಬಳಸುವ ಏರ್ಪಾಡು ಅದು. ಅಲ್ಲಿ ಕೆಲಸ ಮಾಡುತ್ತಿದ್ದ ಫ್ರಾನ್ಸಿನ ಲೂಯಿ ಪೂಜಾಂ ಎಂಬವರಿಗೆ ಅವೇ ಆಜ್ಞೆಗಳನ್ನು ದಿನಾ ಟೈಪು ಮಾಡಿ ಸಾಕಾಯಿತು. ಆಜ್ಞೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಆ ಫೈಲನ್ನೇ ಓಡಿಸುವ ರನ್‌ಕಾಮ್ ಎಂಬ ಕಾರ್ಯಕ್ರಮವನ್ನು ಅವರು ಬರೆದರು. ಇಂದಿಗೂ ಲಿನಕ್ಸಿನ ಕೆಲವು ಸೆಟ್ಟಿಂಗ್ ಫೈಲುಗಳ ಹೆಸರಿನ ಕೊನೆಯಲ್ಲಿ 'ಆರ್‌ಸಿ' ಎಂಬ ಎರಡು ಅಕ್ಷರಗಳಿರುತ್ತವೆ. ಅದು ಈ ರನ್‌ಕಾಮ್‌ನ ಉಳಿಕೆ.

ಮುಂದಿನ ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ಇದೇ ವಿಚಾರವನ್ನು ವಿಸ್ತರಿಸಿ ಬರೆದಾಗ ಪೂಜಾಂ ಅದಕ್ಕೆ ಶೆಲ್ ಎಂದು ಹೆಸರಿಟ್ಟರು. ಶೆಲ್ ಎಂದರೆ ಚಿಪ್ಪು. ಒಳಗಿನ ತಿರುಳಿಗೂ ಹೊರಗಿನ ಮನುಷ್ಯನಿಗೂ ನಡುವಿನ ಹೊದಿಕೆ. 1965ರಲ್ಲಿ ಮಲ್ಟಿಕ್ಸ್‌ನ ಮೊದಲ ಶೆಲ್ ಬರೆದವರು ಎಂಐಟಿಯ ಗ್ಲೆಂಡಾ ಶ್ರೋಡರ್ ಎಂಬ ಮಹಿಳೆ. ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರನ್ನು ನಾನು ತಪ್ಪದೆ ಹೇಳುತ್ತೇನೆ.

ಮಲ್ಟಿಕ್ಸ್‌ನಲ್ಲಿ ಪಾಲುದಾರರಾಗಿದ್ದ ಬೆಲ್ ಲ್ಯಾಬ್ಸ್‌ನವರು 1969ರಲ್ಲಿ ಅದರಿಂದ ಹೊರಬಂದರು. ಅಲ್ಲಿನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಗೆಳೆಯರು ಪಿಡಿಪಿ-7 ಎಂಬ ಸಣ್ಣ ಯಂತ್ರದಲ್ಲಿ ತಮ್ಮದೇ ವ್ಯವಸ್ಥೆ ಕಟ್ಟಿದರು. ಅದೇ ಯುನಿಕ್ಸ್. ನಮ್ಮ ಶಾಲೆಯ ಲಿನಕ್ಸ್ ಅದರ ದಾರಿಯಲ್ಲಿ ಬಂದದ್ದು.

ಒಂದು ಆಜ್ಞೆ ಕೆಲಸ ಮಾಡದೇ ಹೋದ ಕಥೆ

ಒಂದು ಕಾರ್ಯಕ್ರಮ ಇನ್ನೊಂದನ್ನು ಕರೆಯುವುದಕ್ಕೆ ಯುನಿಕ್ಸ್ ಹಿಡಿದ ದಾರಿ ವಿಚಿತ್ರ, ಆದರೆ ಸರಳ. ಮೊದಲು ತನ್ನದೇ ನಕಲು ಮಾಡಿಕೊಳ್ಳುವುದು. ಇದಕ್ಕೆ ಫೋರ್ಕ್ ಎಂದು ಹೆಸರು. ಆಮೇಲೆ ಆ ನಕಲು ತನ್ನ ರೂಪ ಬಿಟ್ಟು, ಬೇಕಾದ ಹೊಸ ಕಾರ್ಯಕ್ರಮವಾಗಿ ಬದಲಾಗುವುದು. ಇದಕ್ಕೆ ಎಕ್ಸೆಕ್ ಎಂದು ಹೆಸರು. ಮೂಲ ಕಾರ್ಯಕ್ರಮ ಪಕ್ಕದಲ್ಲಿ ಕಾದು ಕುಳಿತಿರುತ್ತದೆ. ಪಿಡಿಪಿ-7ರಲ್ಲಿ ಫೋರ್ಕ್‌ಗೆ ಬೇಕಾದದ್ದು ಕೇವಲ 27 ಸಾಲುಗಳು ಎಂದು ರಿಚಿ ಆಮೇಲೆ ಬರೆದ ಯುನಿಕ್ಸ್‌ನ ಚರಿತ್ರೆಯಲ್ಲಿ ದಾಖಲಿಸಿದ್ದಾರೆ.

ಅದೇ ಬರಹದಲ್ಲಿ ಒಂದು ತಮಾಷೆಯ ಘಟನೆ ಇದೆ. ಫೋರ್ಕ್ ಸೇರಿಸಿ ಎಲ್ಲರೂ ಖುಷಿಯಾಗಿರುವಾಗ ಫೋಲ್ಡರು ಬದಲಿಸುವ ಆಜ್ಞೆ ಕೆಲಸ ಮಾಡುವುದನ್ನೇ ನಿಲ್ಲಿಸಿತು. ತಲೆ ಕೆರೆದುಕೊಂಡು ನೋಡಿದರೆ, ಆಜ್ಞೆ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ನಡೆಯುತ್ತಿದ್ದದ್ದು ನಕಲಿನಲ್ಲಿ. ನಕಲು ತಾನು ಹೊಸ ಫೋಲ್ಡರಿಗೆ ಹೋಗಿ, ಅಲ್ಲಿಯೇ ಮುಗಿದುಹೋಗುತ್ತಿತ್ತು. ಮೂಲ ಶೆಲ್ ಇದ್ದಲ್ಲಿಯೇ ಇರುತ್ತಿತ್ತು. ಮಗನನ್ನು ಕಾಸರಗೋಡು ಪೇಟೆಗೆ ಕಳುಹಿಸಿದರೆ ಅಪ್ಪ ಪೇಟೆಗೆ ತಲುಪುವುದಿಲ್ಲವಲ್ಲ! ಕೊನೆಗೆ ಆ ಒಂದು ಆಜ್ಞೆಯನ್ನು ಶೆಲ್ ತಾನೇ ಮಾಡುವಂತೆ ಬದಲಿಸಿದರು.

ಪೈಥನ್ ಕಲಿಯುವ ಮಕ್ಕಳು ಇವತ್ತಿಗೂ ಇಲ್ಲಿ ಎಡವುತ್ತಾರೆ. ಒಂದು ಸಾಲಿನಲ್ಲಿ ಶೆಲ್‌ಗೆ "ಆ ಫೋಲ್ಡರಿಗೆ ಹೋಗು" ಎಂದು ಹೇಳಿಸಿ, ಮುಂದಿನ ಸಾಲಿನಲ್ಲಿ ಅಲ್ಲಿನ ಫೈಲು ಹುಡುಕುತ್ತಾರೆ. ಸಿಗುವುದಿಲ್ಲ. "ಸರ್, ಕಂಪ್ಯೂಟರ್ ಹಾಳಾಗಿದೆ" ಎನ್ನುತ್ತಾರೆ. ಹಾಳಾಗಿಲ್ಲ ಮಕ್ಕಳೇ, ಥಾಂಪ್ಸನ್ ಮತ್ತು ರಿಚಿಯವರೂ ಇಲ್ಲಿಯೇ ನಿಂತು ಯೋಚಿಸಿದ್ದರು.

ಇನ್ನು ಮುಖ್ಯ ಸಂಗತಿ. ಯುನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರ್ 3ರದ್ದು. ಅದರಲ್ಲಿ ಎಕ್ಸೆಕ್‌ನ ವಿವರ ಇದೆ. ಎಕ್ಸೆಕ್‌ಗೆ ಕೊಡಬೇಕಾದದ್ದು ವಾಕ್ಯವಲ್ಲ, ಪಟ್ಟಿ. ಕಾರ್ಯಕ್ರಮದ ಹೆಸರು ಒಂದು, ಆಮೇಲೆ ಒಂದೊಂದೇ ಪದ ಬೇರೆ ಬೇರೆಯಾಗಿ. ಅಂದರೆ ಅಂಗಡಿಗೆ ಕಳುಹಿಸುವ ಚೀಟಿಯ ಕ್ರಮ. ವಾಕ್ಯವನ್ನು ಒಡೆಯುವ ಕೆಲಸ ಶೆಲ್‌ನದ್ದು ಮಾತ್ರ. ಒಳಗಿನ ತಿರುಳಿಗೆ ಯಾವಾಗಲೂ ತಲುಪುವುದು ಪಟ್ಟಿಯೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಎಲ್ಲರೂ ಶೆಲ್ ಕರೆಯತೊಡಗಿದರು

ಶೆಲ್ ಇಷ್ಟು ಬೇಡಿಕೆಗೆ ಬಂದದ್ದು ಏಕೆ? ಡಗ್ ಮ್ಯಾಕಿಲ್‌ರಾಯ್ ಎಂಬವರು 1964ರಲ್ಲೇ ಒಂದು ಟಿಪ್ಪಣಿಯಲ್ಲಿ, ತೋಟಕ್ಕೆ ನೀರು ಬಿಡುವ ಪೈಪುಗಳನ್ನು ಜೋಡಿಸಿದ ಹಾಗೆ ಕಾರ್ಯಕ್ರಮಗಳನ್ನು ಜೋಡಿಸುವಂತಿರಬೇಕು ಎಂದಿದ್ದರು. 1973ರ ಹೊತ್ತಿಗೆ ಯುನಿಕ್ಸ್‌ನಲ್ಲಿ ಅದು ಕೈಗೂಡಿತು. ಒಂದರಿಂದ ಹೊರಬಂದದ್ದು ಇನ್ನೊಂದರ ಒಳಗೆ ಹೋಗುತ್ತದೆ; ನಡುವೆ ಒಂದು ನೇರ ಗೀಟು ಎಳೆದರೆ ಸಾಕು. ಸಾಲುಗಳನ್ನು ವಿಂಗಡಿಸಲು ಒಂದು, ಹುಡುಕಲು ಒಂದು, ಎಣಿಸಲು ಒಂದು, ಹೀಗೆ ಸಣ್ಣ ಸಣ್ಣ ಸಲಕರಣೆಗಳ ದೊಡ್ಡ ಪೆಟ್ಟಿಗೆಯೇ ತಯಾರಾಯಿತು.

ಸಲಕರಣೆ ಸಿದ್ಧವಾಗಿರುವಾಗ ಮತ್ತೊಮ್ಮೆ ಯಾರು ಮಾಡುತ್ತಾರೆ? ಬೇರೆ ಭಾಷೆಯಲ್ಲಿ ಬರೆಯುವವರಿಗೂ ಅದೇ ಪೆಟ್ಟಿಗೆಗೆ ಕೈ ಹಾಕುವ ಆಸೆ. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಸಿ ಭಾಷೆಯವರಿಗೆ ಎರಡು ಅನುಕೂಲಗಳಿದ್ದವು. ಸಿಸ್ಟಮ್ ಎಂಬುದಕ್ಕೆ ಒಂದು ವಾಕ್ಯ ಕೊಟ್ಟರೆ ಅದು ಶೆಲ್ ಅನ್ನು ಕರೆದು ಮಾಡಿಸುತ್ತದೆ. ಪಿಓಪನ್ ಎಂಬುದು ಮಾಡಿಸುವುದಷ್ಟೇ ಅಲ್ಲ, ಬಂದ ಉತ್ತರವನ್ನೂ ತಂದುಕೊಡುತ್ತದೆ. ಎರಡೂ ಶೆಲ್‌ಗೆ ಕಳುಹಿಸುವುದು ಬಾಯಿಮಾತು, ಚೀಟಿಯಲ್ಲ.

ಅದೇ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್ ಬಂತು. ಒಂದು ಆಜ್ಞೆಯನ್ನು ` ಎಂಬ ಹಿಮ್ಮುಖ ಚಿಹ್ನೆಗಳ ನಡುವೆ ಬರೆದರೆ ಅದರ ಉತ್ತರವೇ ಆ ಜಾಗದಲ್ಲಿ ಬಂದು ಕೂರುತ್ತದೆ. ಈ ಚಿಹ್ನೆ ಮುಂದೆ ಪರ್ಲ್, ರೂಬಿ, ಪಿಎಚ್‌ಪಿ ಎಲ್ಲಕ್ಕೂ ಹರಡಿತು. ಬೋರ್ನ್ ಶೆಲ್‌ನ ಇನ್ನೊಂದು ನಿಯಮವೂ ಉಳಿಯಿತು: ಹೆಸರನ್ನು ಎರಡು ಉದ್ಧರಣ ಚಿಹ್ನೆಗಳ ನಡುವೆ ಇಡದಿದ್ದರೆ ಖಾಲಿ ಜಾಗದಲ್ಲಿ ಒಡೆಯುತ್ತದೆ.

ಇದು ಆಗ ಯಾರಿಗೂ ತೊಂದರೆ ಅನ್ನಿಸಲಿಲ್ಲ. ಆ ಕಾಲದ ಯುನಿಕ್ಸ್‌ನಲ್ಲಿ ಫೈಲಿನ ಹೆಸರಿಗೆ ಸಿಗುತ್ತಿದ್ದದ್ದು 14 ಬೈಟು ಮಾತ್ರ. ಅಷ್ಟು ಚಿಕ್ಕ ಹೆಸರಿನಲ್ಲಿ ಖಾಲಿ ಜಾಗ ಬಿಡುವವರು ಯಾರು? 1983ರ ಬಿಎಸ್‌ಡಿ ಯುನಿಕ್ಸ್‌ನಲ್ಲಿ ಮಿತಿ 255ಕ್ಕೆ ಏರಿತು. 1984ರ ಮ್ಯಾಕಿಂಟೋಷ್, 1995ರ ವಿಂಡೋಸ್ 95 ಇವು ಮನೆಯವರಿಗೆ, ಕಚೇರಿಯವರಿಗೆ ಬಂದ ಯಂತ್ರಗಳು. ಅಲ್ಲಿ ಜನ ಕಾಗದದಲ್ಲಿ ಬರೆದ ಹಾಗೆಯೇ ಜಾಗ ಬಿಟ್ಟು ಹೆಸರಿಟ್ಟರು. ಹೀಗೆ ಹೆಸರಿಡುವ ಎರಡು ಪದ್ಧತಿಗಳು ಮುಂದೆ ಒಂದೇ ಯಂತ್ರದಲ್ಲಿ ಎದುರಾದವು.

ಪರ್ಲ್ ಬಂತು, ಪೈಥನ್ ಬಂತು

1987ರ ಡಿಸೆಂಬರ್ 18ರಂದು ಲ್ಯಾರಿ ವಾಲ್ ಪರ್ಲ್ ಭಾಷೆಯ ಮೊದಲ ಆವೃತ್ತಿಯನ್ನು ಹೊರಬಿಟ್ಟರು. ವರದಿಗಳನ್ನು ತಯಾರಿಸುವುದು, ಫೈಲುಗಳನ್ನು ಜಾಲಾಡುವುದು ಅದರ ಮುಖ್ಯ ಕೆಲಸ. ಬೇರೆ ಬೇರೆ ಕಾರ್ಯಕ್ರಮಗಳನ್ನು ಒಂದಕ್ಕೊಂದು ಅಂಟಿಸುವುದರಿಂದ ಇಂಥವನ್ನು ಅಂಟು ಭಾಷೆಗಳು ಎಂದೇ ಕರೆಯುತ್ತಾರೆ. ಒಂದು ಫೋಲ್ಡರಿನಲ್ಲಿರುವ ಒಂದೇ ಬಗೆಯ ಫೈಲುಗಳನ್ನು * ಚಿಹ್ನೆಯಿಂದ ಹುಡುಕಿಸಿದರೆ ಆರಂಭದ ಪರ್ಲ್ ಆ ಕೆಲಸಕ್ಕೂ ಹಿಂಬಾಗಿಲಿನಲ್ಲಿ ಒಂದು ಶೆಲ್ ಅನ್ನು ಕರೆಯುತ್ತಿತ್ತು. 2000ದಲ್ಲಿ ಬಂದ 5.6ನೇ ಆವೃತ್ತಿಯಿಂದ ಅದನ್ನು ಪರ್ಲ್ ತಾನೇ ಮಾಡತೊಡಗಿತು.

ಪರ್ಲ್‌ನಲ್ಲಿ ಒಂದು ಒಳ್ಳೆಯ ಏರ್ಪಾಡು ಇದೆ. ಸಿಸ್ಟಮ್‌ಗೆ ಒಂದೇ ವಾಕ್ಯ ಕೊಡಬಹುದು, ಅಥವಾ ಪದಗಳ ಪಟ್ಟಿ ಕೊಡಬಹುದು. ಪಟ್ಟಿ ಕೊಟ್ಟರೆ ಶೆಲ್‌ನ ಗೊಡವೆಯೇ ಇಲ್ಲದೆ ನೇರವಾಗಿ ಎಕ್ಸೆಕ್‌ಗೆ ಹೋಗುತ್ತದೆ. ಎರಡು ಬಾಗಿಲುಗಳೂ ತೆರೆದಿದ್ದವು. ಹೆಚ್ಚಿನವರು ವಾಕ್ಯದ ಬಾಗಿಲಿನಿಂದಲೇ ಹೋದರು, ಅದು ಬರೆಯಲು ಸುಲಭ.

1991ರ ಫೆಬ್ರವರಿಯಲ್ಲಿ ಗೀಡೋ ವಾನ್ ರೋಸಮ್ ನೆದರ್‌ಲ್ಯಾಂಡ್ಸ್‌ನಿಂದ ಪೈಥನ್ ಹೊರತಂದರು. ಅದರಲ್ಲೂ ಸಿ ಭಾಷೆಯಿಂದ ಬಂದ ಸಿಸ್ಟಮ್ ಇತ್ತು, ಪಿಓಪನ್ ಇತ್ತು, ಮುಂದೆ ಪಿಓಪನ್2, ಕಮಾಂಡ್ಸ್ ಎಂದು ಒಂದೇ ಕೆಲಸಕ್ಕೆ ಹಲವು ದಾರಿಗಳು ಸೇರಿಕೊಂಡವು. ಊರಿನ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಕಡೆಗೆ ನಾಲ್ಕು ಬಸ್ಸು ನಿಂತ ಹಾಗೆ, ಹೊಸಬರಿಗೆ ಯಾವುದನ್ನು ಹತ್ತಬೇಕೆಂದೇ ಗೊತ್ತಾಗುತ್ತಿರಲಿಲ್ಲ. ನಾನು ಆ ದಿನ ಹತ್ತಿದ್ದು ಅತ್ಯಂತ ಹಳೆಯ ಬಸ್ಸನ್ನು.

ಎರಡು ಪೆಟ್ಟುಗಳು

ಬಾಯಿಮಾತಿನ ಅಪಾಯ ದೊಡ್ಡದಾಗಿ ಗೊತ್ತಾದದ್ದು ಇಂಟರ್‌ನೆಟ್ ಬಂದ ಮೇಲೆ. ಅಲ್ಲಿಯವರೆಗೆ ಹೆಸರು ಟೈಪು ಮಾಡುವವನೂ ಯಂತ್ರದ ಒಡೆಯನೂ ಒಬ್ಬನೇ. ಜಾಲತಾಣ ಬಂದ ಮೇಲೆ ಯಾರೋ ದೂರದವರು ತುಂಬಿಸಿದ ಅಕ್ಷರಗಳು ನಮ್ಮ ಶೆಲ್‌ಗೆ ಹೋಗತೊಡಗಿದವು. ಶೆಲ್‌ನಲ್ಲಿ ; ಎಂಬ ಚಿಹ್ನೆ ಹಾಕಿದರೆ ಅಲ್ಲಿಗೆ ಒಂದು ಆಜ್ಞೆ ಮುಗಿದು ಇನ್ನೊಂದು ಶುರುವಾಗುತ್ತದೆ. ಹೆಸರು ತುಂಬಿಸುವ ಜಾಗದಲ್ಲಿ ಹೆಸರು, ಅದರ ಮುಂದೆ ಆ ಚಿಹ್ನೆ, ಆಮೇಲೆ ಒಂದು ಆಜ್ಞೆ ಬರೆದು ಕಳುಹಿಸಿದರೆ ಏನಾದೀತು, ನೀವೇ ಊಹಿಸಿ.

1996ರ ಮಾರ್ಚಿನಲ್ಲಿ ಅಮೆರಿಕದ ಸರ್ಟ್ ಕೇಂದ್ರ ಒಂದು ಎಚ್ಚರಿಕೆ ಹೊರಡಿಸಿತು. ಎನ್‌ಸಿಎಸ್‌ಎ ಮತ್ತು ಅಪಾಚೆ ಸರ್ವರುಗಳ ಜೊತೆ ಮಾದರಿಗೆಂದು ಕೊಟ್ಟಿದ್ದ ಕೋಡಿನಲ್ಲೇ ದೋಷವಿತ್ತು. ಅದನ್ನು ಬಳಸಿದ ಪಿಎಚ್‌ಎಫ್ ಎಂಬ ಸಣ್ಣ ಕಾರ್ಯಕ್ರಮ ದೂರವಾಣಿ ಪಟ್ಟಿ ಹುಡುಕಿಕೊಡುವಂಥದ್ದು. ಬರೆದವರು ಎಚ್ಚರ ತಪ್ಪಿರಲಿಲ್ಲ. ಅಪಾಯದ ಚಿಹ್ನೆಗಳನ್ನೆಲ್ಲ ಪಟ್ಟಿ ಮಾಡಿ ತಡೆದಿದ್ದರು. ಆ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿತ್ತು: ಸಾಲು ಮುರಿಯುವ ಗುರುತು. ನಾವು ಎಂಟರ್ ಒತ್ತಿದಾಗ ಬರುವುದು ಅದೇ. ಶೆಲ್‌ಗೆ ಹೊಸ ಸಾಲು ಎಂದರೆ ಹೊಸ ಆಜ್ಞೆ. ಆ ಒಂದು ಸಂದಿಯಿಂದ ಹೊರಗಿನವರು ಒಳಗೆ ಬಂದರು. ಕೆಟ್ಟದ್ದನ್ನೆಲ್ಲ ಪಟ್ಟಿ ಮಾಡಿ ತಡೆಯುತ್ತೇನೆ ಎಂದರೆ ಒಂದಾದರೂ ತಪ್ಪುತ್ತದೆ ಎಂಬುದು ಈ ಘಟನೆಯ ಪಾಠ. ಪರ್ಲ್‌ನ 1994ರ ಐದನೇ ಆವೃತ್ತಿಯಲ್ಲಿ ಇದಕ್ಕೊಂದು ಬೇರೆ ಉಪಾಯವಿತ್ತು. ಹೊರಗಿನಿಂದ ಬಂದ ಅಕ್ಷರಗಳಿಗೆಲ್ಲ ಕಳಂಕದ ಗುರುತು ಹಚ್ಚಿ, ಪರೀಕ್ಷಿಸದೆ ಶೆಲ್‌ಗೆ ಕೊಡಹೋದರೆ ಕಾರ್ಯಕ್ರಮವನ್ನೇ ನಿಲ್ಲಿಸುವ ಆಯ್ಕೆ ಅದು.

ಎರಡನೆಯ ಪೆಟ್ಟು ನನ್ನದಕ್ಕೆ ಹತ್ತಿರದ್ದು. 2001ರ ನವೆಂಬರಿನಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ 2 ಬಿಡುಗಡೆ ಮಾಡಿತು. ಹಾಡು ಕೇಳುವ ತಂತ್ರಾಂಶ. ಮ್ಯಾಕ್ ಓಎಸ್ ಟೆನ್‌ನಲ್ಲಿ ಅದನ್ನು ಹಾಕಿಕೊಡುವ ಕಾರ್ಯಕ್ರಮ, ಹಳೆಯ ಐಟ್ಯೂನ್ಸ್ ಅಳಿಸಲು ಒಂದು ಶೆಲ್ ಫೈಲಿಗೆ ಡಿಸ್ಕಿನ ದಾರಿ ತಿಳಿಸಿ ಕೆಲಸ ವಹಿಸುತ್ತಿತ್ತು. ಆ ಶೆಲ್ ಫೈಲಿನಲ್ಲಿ ಹೆಸರಿನ ಸುತ್ತ ಉದ್ಧರಣ ಚಿಹ್ನೆ ಹಾಕಲು ಮರೆತಿದ್ದರು. ಯಾರ ಬಳಿ 'ಪಾಠ' ಎಂದೊಂದು ಡಿಸ್ಕು, 'ಪಾಠ 2' ಎಂದೊಂದು ಡಿಸ್ಕು ಇತ್ತೋ ಅಂಥವರು ಎರಡನೆಯದಕ್ಕೆ ಐಟ್ಯೂನ್ಸ್ ಹಾಕಹೋದರೆ ಮೊದಲನೆಯದು ಪೂರ್ತಿ ಅಳಿಸಿಹೋಗುವ ಸಾಧ್ಯತೆ. ಹೀಗೆ ಹಲವರ ಡಿಸ್ಕುಗಳು ಖಾಲಿಯಾದವು. ಕಂಪನಿ ತಕ್ಷಣ ಅದನ್ನು ಹಿಂತೆಗೆದು ತಿದ್ದಿದ ಆವೃತ್ತಿ ಕೊಟ್ಟಿತು. ಇಡೀ ತಿದ್ದುಪಡಿ ಎಂದರೆ ಉದ್ಧರಣ ಚಿಹ್ನೆಗಳು! ಇದನ್ನು ಓದಿದ ದಿನ ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ನನ್ನ 'ಊರು' ಹೋಗುವ ಎಷ್ಟೋ ವರ್ಷ ಮೊದಲೇ ಜಗತ್ತು ಕಲಿತಿದ್ದ ಪಾಠ ಅದು.

ಹಳೆಯ ಬಾಗಿಲಿಗೆ ವಾಪಸು

2003ರ ನವೆಂಬರಿನಲ್ಲಿ ಪೀಟರ್ ಓಸ್ಟ್ರಾಂಡ್ ಎಂಬವರು ಪೈಥನ್ ಬಳಗದ ಮುಂದೆ ಒಂದು ಸಲಹೆ ಇಟ್ಟರು. ಆ ನಾಲ್ಕೈದು ದಾರಿಗಳ ಬದಲು ಒಂದೇ ದಾರಿ ಇರಲಿ ಎಂದು. 2004ರ ನವೆಂಬರ್ 30ರಂದು ಬಂದ ಪೈಥನ್ 2.4ರಲ್ಲಿ ಅದು ಸಬ್‌ಪ್ರೋಸೆಸ್ ಎಂಬ ಹೆಸರಿನಲ್ಲಿ ಸೇರಿತು. ಇದರ ರೂಢಿಯ ಕ್ರಮ ಪಟ್ಟಿಯದ್ದು. ಆಜ್ಞೆ ಒಂದು ಪದ, ಫೈಲಿನ ಹೆಸರು ಒಂದು ಪದ. ನಡುವೆ ಶೆಲ್ ಇಲ್ಲ, ಒಡೆಯುವವರಿಲ್ಲ. ಶೆಲ್ ಬೇಕೇಬೇಕು ಎಂದರೆ ನಾವೇ ಬಾಯಿಬಿಟ್ಟು ಕೇಳಬೇಕು. 2008ರ ಪೈಥನ್ 3ರಲ್ಲಿ ಪಿಓಪನ್2 ಮತ್ತು ಕಮಾಂಡ್ಸ್ ಎರಡನ್ನೂ ತೆಗೆದುಹಾಕಿದರು. 2015ರ 3.5ನೇ ಆವೃತ್ತಿಯಲ್ಲಿ ಇನ್ನೂ ಸರಳವಾದ ರನ್ ಎಂಬ ಕ್ರಮ ಬಂತು.

ಈಗ ನೆನಪಿಟ್ಟುಕೊಳ್ಳಿ ಎಂದಿದ್ದ ಮಾತಿಗೆ ಬರೋಣ. 2004ರಲ್ಲಿ ಹೊಸದೆಂದು ಬಂದ ಈ ಪಟ್ಟಿಯ ಕ್ರಮ 1971ರ ಕೈಪಿಡಿಯಲ್ಲಿದ್ದ ಎಕ್ಸೆಕ್‌ನ ಕ್ರಮವೇ. ಸುರಕ್ಷಿತವಾದ ಬಾಗಿಲು ಮನೆ ಕಟ್ಟಿದ ದಿನದಿಂದಲೂ ಇತ್ತು. ಸುಲಭದ ಬಾಗಿಲು ಆಮೇಲೆ ಬಂತು, ಎಲ್ಲರೂ ಅದರಲ್ಲೇ ಓಡಾಡಿ ಹಳೆಯದನ್ನು ಮರೆತರು. ಚರಿತ್ರೆ ಪಾಠ ಮಾಡುವವನಿಗೆ ಇದೇನೂ ಹೊಸ ಸಂಗತಿಯಲ್ಲ. ಗೊತ್ತಿದ್ದದ್ದೂ ಮರೆತುಹೋಗುತ್ತದೆ, ನಷ್ಟವಾದ ಮೇಲೆ ಮತ್ತೆ ಹುಡುಕುತ್ತೇವೆ.

ಮರೆತದ್ದಕ್ಕೆ ಇನ್ನೊಂದು ದಂಡವನ್ನೂ ತೆರಬೇಕಾಯಿತು. 1989ರಲ್ಲಿ ಬ್ರಯಾನ್ ಫಾಕ್ಸ್ ಗ್ನೂ ಯೋಜನೆಗಾಗಿ ಬ್ಯಾಷ್ ಎಂಬ ಶೆಲ್ ಬರೆದರು. ಲಿನಕ್ಸ್ ಬಳಸುವವರಿಗೆಲ್ಲ ಪರಿಚಿತ ಶೆಲ್ ಅದು. 2014ರ ಸೆಪ್ಟೆಂಬರಿನಲ್ಲಿ ಸ್ಟೆಫಾನ್ ಶಾಜಲಾ ಎಂಬವರು ಅದರಲ್ಲೊಂದು ಬಿರುಕು ಕಂಡುಹಿಡಿದರು. 24ರಂದು ಸುದ್ದಿ ಹೊರಬಂತು. ಶೆಲ್ ಶುರುವಾಗುವಾಗ ತನ್ನ ಸುತ್ತಲಿನ ಕೆಲವು ಮಾಹಿತಿಗಳನ್ನು ಓದಿಕೊಳ್ಳುತ್ತದೆ. ಅವುಗಳ ಬಾಲಕ್ಕೆ ಆಜ್ಞೆ ಅಂಟಿಸಿದ್ದರೆ ಬ್ಯಾಷ್ ಅದನ್ನೂ ನಡೆಸಿಬಿಡುತ್ತಿತ್ತು. ಜಾಲತಾಣದ ಹಳೆಯ ಕಾರ್ಯಕ್ರಮಗಳು ಯಾವುದೋ ಸಣ್ಣ ಕೆಲಸಕ್ಕೆ ಶೆಲ್ ಕರೆದರೂ ಸಾಕು, ಹೊರಗಿನವರ ಆಜ್ಞೆ ನಡೆದುಹೋಗುತ್ತಿತ್ತು. ಇದಕ್ಕೆ ಶೆಲ್‌ಶಾಕ್ ಎಂದು ಹೆಸರಾಯಿತು. ಸುಮಾರು 25 ವರ್ಷ ಆ ಬಿರುಕು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಉಬುಂಟುವಿನಲ್ಲಿ 2006ರಿಂದಲೇ ಈ ಬಗೆಯ ಒಳಗಿನ ಕರೆಗಳಿಗೆ ಬ್ಯಾಷ್ ಬದಲು ಡ್ಯಾಷ್ ಎಂಬ ಚಿಕ್ಕ ಶೆಲ್ ಇತ್ತು, ಹಾಗಾಗಿ ಅಲ್ಲಿ ಪೆಟ್ಟು ಸ್ವಲ್ಪ ಕಡಿಮೆ. ಶೆಲ್ ಅನ್ನೇ ಕರೆಯದೆ ಪಟ್ಟಿಯಿಂದ ಕೆಲಸ ಮಾಡಿಸಿಕೊಂಡಿದ್ದ ಕಡೆ ಶೆಲ್‌ನ ಬಿರುಕಿಗೆ ದಾರಿಯೇ ಇರಲಿಲ್ಲ.

ಕನ್ನಡದ ಹೆಸರು ಒಡೆಯದು

ಇಷ್ಟು ಓದಿದ ಕೆಲವರು, "ಹಾಗಾದರೆ ಫೈಲುಗಳಿಗೆ ಕನ್ನಡದಲ್ಲಿ ಹೆಸರಿಡುವುದೇ ತಪ್ಪೋ?" ಎಂದು ಕೇಳಬಹುದು. ನನ್ನ ಸಹೋದ್ಯೋಗಿಯೊಬ್ಬರು ಕೇಳಿಯೂ ಕೇಳಿದರು. ತಪ್ಪಲ್ಲ. ಇಲ್ಲೊಂದು ಸಂತೋಷದ ಸಂಗತಿ ಇದೆ.

1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತು, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇಬ್ಬರು ಒಂದು ಕ್ರಮವನ್ನು ಗೀಚಿದರು. ಒಬ್ಬರು ರಾಬ್ ಪೈಕ್. ಇನ್ನೊಬ್ಬರು ಯುನಿಕ್ಸ್‌ನ ಮೊದಲ ಶೆಲ್ ಬರೆದ ಅದೇ ಕೆನ್ ಥಾಂಪ್ಸನ್. ಆ ಕ್ರಮವೇ ಯುಟಿಎಫ್-8. 1991ರ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ರೀತಿಯನ್ನು ಯುಟಿಎಫ್-8 ಕೊಟ್ಟಿತು. ಅವರಿಗಿಂತ ಮೊದಲು ಇದ್ದ ಪ್ರಸ್ತಾಪದ ಹೆಸರಲ್ಲೇ 'ಫೈಲ್ ವ್ಯವಸ್ಥೆಗೆ ಅಪಾಯವಿಲ್ಲದ' ಎಂಬ ಅರ್ಥವಿತ್ತು. ಯುಟಿಎಫ್-8 ಆ ಗುಣವನ್ನು ಉಳಿಸಿಕೊಂಡಿತು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು, ಆದರೆ ಆ ಮೂರರಲ್ಲಿ ಯಾವುದೂ ಖಾಲಿ ಜಾಗದಂತೆ, ; ಚಿಹ್ನೆಯಂತೆ, * ಚಿಹ್ನೆಯಂತೆ ಶೆಲ್‌ಗೆ ಕಾಣುವುದಿಲ್ಲ. 'ಚರಿತ್ರೆ' ಎಂಬ ಹೆಸರನ್ನು ಯಾವ ಶೆಲ್‌ಗೆ ಕೊಟ್ಟರೂ ನಡುವೆ ಮುರಿಯುವುದಿಲ್ಲ. ನನ್ನ ಫೋಲ್ಡರನ್ನು ಮುರಿದದ್ದು ಕನ್ನಡವಲ್ಲ, ಎರಡು ಪದಗಳ ನಡುವಿನ ಜಾಗ.

ಲೆಕ್ಕ ಮಾತ್ರ ಗೊತ್ತಿರಲಿ. 'ಚರಿತ್ರೆ'ಯಲ್ಲಿ ಒತ್ತು, ಗುಣಿತ ಸೇರಿ ಏಳು ಚಿಹ್ನೆಗಳು, ಅಂದರೆ 21 ಬೈಟು. 1979ರ ಯುನಿಕ್ಸ್‌ನ 14 ಬೈಟಿನಲ್ಲಿ ಅದು ಹಿಡಿಸುತ್ತಿರಲಿಲ್ಲ. ಇಂದಿನ ಲಿನಕ್ಸಿನಲ್ಲಿ ಸಾಮಾನ್ಯವಾಗಿ 255 ಬೈಟು ಸಿಗುತ್ತದೆ, ಅಂದರೆ 85 ಕನ್ನಡ ಚಿಹ್ನೆಗಳು. ಫೈಲಿಗೆ ಇಡೀ ಪ್ರಬಂಧದ ಶೀರ್ಷಿಕೆ ಕೊಟ್ಟು "ಸೇವ್ ಆಗುವುದಿಲ್ಲ" ಎನ್ನುವ ಮಕ್ಕಳಿಗೆ ಇದನ್ನು ಹೇಳಿ.

ಈಗ ನಾನು ಮಾಡುವುದು

ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. 2017ರಲ್ಲಿ ಅದೇ ಕೈಟ್ ಆಯಿತು. ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಕೈಗೂ ಉಬುಂಟು ಆಧಾರಿತ ಲಿನಕ್ಸ್ ಬಂದಿದೆ, ಪೈಥನ್ ಬಂದಿದೆ. ಆದ್ದರಿಂದ ಇದು ದೂರದವರ ಚರಿತ್ರೆ ಮಾತ್ರವಲ್ಲ. ನಾನು ಈಗ ಪಾಲಿಸುವ ನಾಲ್ಕು ನಿಯಮಗಳನ್ನು ಹೇಳಿ ಮುಗಿಸುತ್ತೇನೆ.

ಒಂದು, ಫೈಲು ನಕಲಿಸುವುದು, ಸ್ಥಳ ಬದಲಿಸುವುದು, ಅಳಿಸುವುದು ಇಷ್ಟಕ್ಕೆಲ್ಲ ಶೆಲ್ ಕರೆಯುವುದಿಲ್ಲ. ಪೈಥನ್‌ನಲ್ಲೇ ಇರುವ ಶಟಿಲ್ ಮುಂತಾದವು ಸಾಕು. ಎರಡು, ಬೇರೆ ಕಾರ್ಯಕ್ರಮ ಬೇಕೇಬೇಕಾದರೆ ಸಬ್‌ಪ್ರೋಸೆಸ್‌ಗೆ ಪಟ್ಟಿಯಾಗಿಯೇ ಕೊಡುತ್ತೇನೆ. ಹೆಸರು ಅಡ್ಡಗೆರೆಯಿಂದ ಶುರುವಾದರೆ ಕಾರ್ಯಕ್ರಮ ಅದನ್ನು ಆಯ್ಕೆ ಎಂದುಕೊಳ್ಳುತ್ತದೆ, ಆದ್ದರಿಂದ ಹೆಸರುಗಳಿಗೆ ಮೊದಲು ಎರಡು ಅಡ್ಡಗೆರೆಗಳನ್ನು ಒಂದು ಪದವಾಗಿ ಇಡುತ್ತೇನೆ. ಮೂರು, ಕೆಲಸ ಆಯಿತೋ ಇಲ್ಲವೋ ಎಂದು ಹಿಂತಿರುಗಿ ಬರುವ ಸಂಖ್ಯೆಯನ್ನು ನೋಡುತ್ತೇನೆ. ಸೊನ್ನೆ ಬಂದರೆ ಸರಿ, ಬೇರೆ ಬಂದರೆ ನಿಲ್ಲಿಸುತ್ತೇನೆ. ನಾಲ್ಕು, ಮೊದಲ ಸಲ ಓಡಿಸುವಾಗ ಅಳಿಸುವುದಿಲ್ಲ, ಏನನ್ನು ಅಳಿಸಲಿದೆ ಎಂದು ತೋರಿಸು ಎನ್ನುತ್ತೇನೆ. ಜೊತೆಗೆ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ.

ಹೋದ ಐದು ಬರಹಗಳಲ್ಲಿ ನಾಲ್ಕನ್ನು ಮಕ್ಕಳು ತಮ್ಮ ನೋಟ್‌ಬುಕ್ಕು ನೋಡಿ ಮತ್ತೆ ಟೈಪು ಮಾಡಿಕೊಟ್ಟರು. ಐದನೆಯ ಹುಡುಗ ಅಷ್ಟರಲ್ಲಿ ಟಿಸಿ ತೆಗೆದುಕೊಂಡು ಪುತ್ತೂರಿನ ಕಡೆಗೆ ಹೋಗಿದ್ದ. ನೋಟ್‌ಬುಕ್ಕು ಹಳೆಯ ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗಿತ್ತಂತೆ. ಫೋನು ಮಾಡಿ ವಿಷಯ ಹೇಳಿದೆ. ಬೈಯದೆ, "ನೆನಪಿದ್ದಷ್ಟು ಬರೆದು ಕಳಿಸ್ತೇನೆ ಸರ್" ಎಂದ. ತನ್ನ ಅಜ್ಜ ದೋಣಿ ಕಡವಿನಲ್ಲಿ ಕೆಲಸ ಮಾಡಿದ್ದರ ಬಗ್ಗೆ ಅವನು ಮೊದಲು ಮೂರು ಪುಟ ಬರೆದಿದ್ದ. ಎರಡನೆಯ ಸಲ ಬಂದದ್ದು ಅರ್ಧ ಪುಟ.

ಆ ಅರ್ಧ ಪುಟವನ್ನು 'ಊರು_ಕಡವು' ಎಂಬ ಹೆಸರಿನಲ್ಲಿ ಇಟ್ಟಿದ್ದೇನೆ. ನಡುವೆ ಜಾಗ ಬಿಟ್ಟಿಲ್ಲ.

ನಿಮ್ಮ ಶಾಲೆಯಲ್ಲಿಯೂ ಮಕ್ಕಳು ಬರೆದದ್ದು ಹೀಗೆ ಯಂತ್ರದಲ್ಲಿದ್ದರೆ ಇಂದೇ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ತಪ್ಪಿದ್ದರೆ ತಿದ್ದಿ, ನಿಮ್ಮ ಅನುಭವ ಇದ್ದರೆ ತಿಳಿಸಿ.